ಯಾವ ಧರೆ, ಸಾರ್?

ಹೋದ ತಿಂಗಳು ಊರಿನ ನಾಲ್ವರು ಹಿರಿಯರು ನಮ್ಮ ದಿನಸಿ ಅಂಗಡಿಯ ಮುಂದೆ ಬಂದು ನಿಂತಾಗ ಅವರು ಸಾಮಾನಿಗೆ ಬಂದವರಲ್ಲ ಎಂದು ನನಗೆ ಕೂಡಲೇ ಗೊತ್ತಾಯಿತು. ಒಬ್ಬರ ಕೈಯಲ್ಲೂ ಚೀಲ ಇರಲಿಲ್ಲ. ಬೆಲ್ಲದ ಅಚ್ಚು ಮುಟ್ಟಿ ನೋಡಿದರು, ಮಳೆಯ ಮಾತೆತ್ತಿದರು, ಕಾಳುಮೆಣಸಿನ ರೇಟು ಕೇಳಿದರು. ಆಮೇಲೆ ಅವರಲ್ಲಿ ದೊಡ್ಡವರು ಗಂಟಲು ಸರಿಮಾಡಿಕೊಂಡರು.

“ಮೇಷ್ಟ್ರೆ, ನಮ್ಮ ಲೈನ್‌ಮ್ಯಾನು ಈ ತಿಂಗಳ ಕೊನೆಗೆ ರಿಟೈರ್ಡ್ ಆಗ್ತಾರೆ. ಪಂಚಾಯ್ತಿ ಹಾಲಲ್ಲಿ ಒಂದು ಸನ್ಮಾನ ಇಟ್ಕೊಂಡಿದ್ದೀವಿ. ಬಿನ್ನವತ್ತಳೆ ನೀವೇ ಬರ್ದು ನೀವೇ ಓದ್ಬೇಕು. ನಿಮ್ಮಷ್ಟು ಕನ್ನಡ ಈ ಕಡೆ ಯಾರಿಗ್ ಬರ್ತದೆ ಹೇಳಿ?”

ಹೊಗಳಿಕೆಗೆ ಸೋಲುವುದು ನನ್ನ ಹಳೆಯ ಕಾಯಿಲೆ. ಆಯಿತು ಎಂದುಬಿಟ್ಟೆ. ಅವರು ರಸ್ತೆ ದಾಟುವಷ್ಟರಲ್ಲಿ ನಾನು ಒಪ್ಪಿಕೊಂಡದ್ದು ಏನೆಂದು ತಲೆಗೆ ಹೊಳೆಯಿತು. ಅವನಿಗೆ ಬಿನ್ನವತ್ತಳೆ! ಅದೂ ನನ್ನ ಕೈಯಿಂದ!

ನೇರವಾಗಿ ಹೇಳಿಬಿಡುತ್ತೇನೆ. ಆ ಮನುಷ್ಯನನ್ನು ಕಂಡರೆ ನನಗೆ ಇಪ್ಪತ್ತೈದು ವರ್ಷಗಳಿಂದ ಹೊಟ್ಟೆಕಿಚ್ಚು. ಅವನು ನನಗೆ ಯಾವ ಕೆಡುಕನ್ನೂ ಮಾಡಿದವನಲ್ಲ. ಆದರೆ ಈ ಊರಿನಲ್ಲಿ ನನಗೆ ಸಿಗಬೇಕು ಎಂದು ನಾನು ಆಸೆಪಟ್ಟದ್ದೆಲ್ಲ ಬೇಡ ಬೇಡ ಎನ್ನುತ್ತಲೇ ಅವನಿಗೆ ಸಿಕ್ಕಿತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಕ್ಕಿಲ್ಲ, ಏಕೆಂದರೆ ಎಲ್ಲರಿಗೂ ಅವನು ಲೈನ್‌ಮ್ಯಾನಣ್ಣ. ಇನ್ನೊಂದು ವಿಷಯ. ನಾನು ಅವನನ್ನು ಎದುರಿಗೆ ‘ನೀವು’ ಎನ್ನುತ್ತಿದ್ದೆ, ಬೆನ್ನ ಹಿಂದೆ ‘ಅವನು’ ಎನ್ನುತ್ತಿದ್ದೆ. ನನ್ನ ಹೆಂಡತಿಗೆ ಇದರ ಬಗ್ಗೆ ಸದಾ ತಕರಾರು. “ಅಷ್ಟು ಒಳ್ಳೆ ಮನುಷ್ಯನ್ನ ಅವನು ಇವನು ಅಂತೀರಲ್ಲ, ನೀವು ಮಕ್ಕಳಿಗೆ ಪಾಠ ಹೇಳ್ದವ್ರಾ?” ಎನ್ನುತ್ತಿದ್ದಳು. ಈ ಬರಹದಲ್ಲೂ ಅವನು ಎಂದೇ ಬರೆಯುತ್ತೇನೆ. ಅಷ್ಟು ವರ್ಷ ಮನಸ್ಸಿನಲ್ಲಿ ಇದ್ದದ್ದು ಅದೇ ಮಾತು.

ಅವನು ವಸ್ತಾರೆ ಕಡೆಯವನು. ಹುಡುಗನಿದ್ದಾಗ, ಕುದುರೆಮುಖದಲ್ಲಿ ಅದಿರಿನ ಕಂಪನಿ ನಡೆಯುತ್ತಿದ್ದ ಕಾಲಕ್ಕೆ, ಯಾರೋ ಗುತ್ತಿಗೆದಾರರ ಜೊತೆ ಹೋಗಿ ಕ್ವಾರ್ಟರ್ಸುಗಳ ವೈರಿಂಗ್ ಮಾಡುತ್ತ ಕೆಲಸ ಕಲಿತನಂತೆ. ನಮ್ಮೂರಿಗೆ ಬಂದಾಗ ಸಣಕಲು ದೇಹ, ಹೆಗಲಿಗೆ ಹಗ್ಗದ ಸುತ್ತು, ಸೊಂಟದಲ್ಲಿ ಕಟಿಂಗ್ ಪ್ಲೇಯರು. ಕಂಬ ಹತ್ತುವ ಮೊದಲು ಅಂಗೈ ಹಿಂಬದಿಯಿಂದ ಅದನ್ನು ಒಮ್ಮೆ ಮೆಲ್ಲಗೆ ಸವರಿ, ತಲೆಯೆತ್ತಿ ತುದಿಯವರೆಗೆ ನೋಡಿ, “ಎಂತ ಮಾರಾಯ, ಹುಷಾರಿದ್ದೀಯಾ?” ಎಂದು ಕೇಳುತ್ತಿದ್ದ. ಕಂಬಗಳನ್ನು ಮಾತನಾಡಿಸುವವನನ್ನು ಊರು ಹುಚ್ಚ ಎನ್ನಬೇಕಿತ್ತು. ನಮ್ಮೂರು ಅವನನ್ನು ಮನೆಯೊಳಗೆ ಕರೆದು ಕಡುಬು ಕೊಟ್ಟಿತು.

ನಮಸ್ಕಾರಕ್ಕೆ ಬದಲು ಅವನದೊಂದು ಮಾತಿತ್ತು. ತೋಟದ ಕೆಲಸಕ್ಕೆ ಹೊರಟ ಆಳುಗಳು ಎದುರಾದರೆ, ಹೆಗಲ ಮೇಲೆ ಏಣಿ ಹೊತ್ತವರು ಕಂಡರೆ, ಕೊನೆಗೆ ಮದುವೆ ಮನೆಗೆ ಶಾಮಿಯಾನ ಹಾಕುವವರು ಸಿಕ್ಕರೂ “ಮೇಲೆ ನೋಡಿ” ಎನ್ನುತ್ತಿದ್ದ. ಅಷ್ಟೇ. ಅವರೂ “ನೋಡಿದ್ವಿ ಅಣ್ಣ” ಎಂದು ನಗುತ್ತ ಹೋಗುತ್ತಿದ್ದರು. ನಾನು ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳಿದ ಒಂದು ವಾಕ್ಯವನ್ನಾದರೂ ಈ ಊರಿನವರು ನೆನಪಿಟ್ಟುಕೊಂಡಿದ್ದಾರೆಯೇ ಎಂದು ಯೋಚಿಸಿದ್ದೇನೆ. ಒಂದೂ ಸಿಗಲಿಲ್ಲ.

ನಾನು ನಿವೃತ್ತನಾದ ದಿನದ ಕಥೆಯನ್ನೇ ಕೇಳಿ. ಶಾಲೆಯ ಹಾಲಿನಲ್ಲಿ ಒಂದು ಗೋಡೆ ಗಡಿಯಾರ, ಒಂದು ಶಾಲು, ಹನ್ನೊಂದು ಜನ. ನಾನು ಮಾತಿಗೆ ನಿಂತ ಕೂಡಲೇ ಮೈಕು ಸತ್ತಿತು. ಯಾರೋ ಓಡಿಹೋಗಿ ಅವನನ್ನು ಕರೆತಂದರು. ಅವನು ಸ್ವಿಚ್ ಬೋರ್ಡಿನ ಹತ್ತಿರ ಎರಡು ನಿಮಿಷ ಕುಕ್ಕರಗಾಲಿನಲ್ಲಿ ಕೂತು ಏನೋ ತಿರುಪಿದ, ಮೈಕು ಕುಯ್ಯೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ಆ ಹಾಲಿನಲ್ಲಿ ಬಿದ್ದ ದೊಡ್ಡ ಚಪ್ಪಾಳೆ ಅದೇ. ಹನ್ನೊಂದು ಜನರಲ್ಲಿ ಅವನೂ ಒಬ್ಬ ಎಂಬುದು ನನಗೆ ಆಮೇಲೆ ಹೊಳೆಯಿತು.

ಮನೆಯಲ್ಲೂ ಅದೇ ಕಥೆ. ನಮ್ಮ ಮನೆ ಇರುವುದು ಅಂಗಡಿಯ ಹಿಂದೆಯೇ. ಲೈನ್ ನೋಡುತ್ತ ಬಂದವನು ಸಂಜೆ ನಾಲ್ಕಕ್ಕೆ ಜಗಲಿಯಲ್ಲಿ ಕುಳಿತರೆ ನನ್ನ ಹೆಂಡತಿ ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ಅವನ ಲೋಟಕ್ಕೆ ಹಾಕುವಳು. ಅವನಿಗೆಂದೇ ಅಂಚು ಮಡಿಸಿದ ಒಂದು ಸ್ಟೀಲ್ ಲೋಟ ಇತ್ತು. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಸಪ್ಪೆ ಎರಡನೇ ಡಿಕಾಕ್ಷನ್ ನನಗೆ. ಒಮ್ಮೆ ಕೇಳಿಯೇಬಿಟ್ಟೆ. “ಅಣ್ಣ ಬೆಳಿಗ್ಗೆಯಿಂದ ಕಂಬದ ಮೇಲಿದ್ದು ಬಂದಿದ್ದಾರೆ, ನೀವು ಕುರ್ಚಿ ಮೇಲಿದ್ದೀರಿ” ಎಂದಳು. ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಎರಡನೇ ಡಿಕಾಕ್ಷನ್ ಎಂದರೆ ಏನು ಎಂದು ಗೊತ್ತಿದ್ದವರಿಗೆ ನನ್ನ ಸಂಕಟ ಅರ್ಥವಾದೀತು.

ಇವೆಲ್ಲ ಸಣ್ಣವು. ದೊಡ್ಡದು ಶುರುವಾದದ್ದು ಸುಂದರನ ಸಾವಿನಿಂದ.

ಸುಂದರ ನನ್ನ ಹಳೆಯ ವಿದ್ಯಾರ್ಥಿ. ಓದು ತಲೆಗೆ ಹತ್ತಲಿಲ್ಲ, ಆದರೆ ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೆಣಸು ಕೊಯ್ಲಿನ ಕಾಲಕ್ಕೆ ಅವನಿಗೆ ಎಲ್ಲ ತೋಟಗಳಿಂದ ಕರೆ. ಆಗೆಲ್ಲ ನಮ್ಮ ಕಡೆ ಹೈಟೆನ್ಷನ್ ಲೈನು ರಸ್ತೆ ಬಿಟ್ಟು ತೋಟಗಳ ಒಳಗೇ ಹಾದುಹೋಗುತ್ತಿತ್ತು. ಐದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಬಿಡಿಸಲು ಸುಂದರ ಅಲ್ಯೂಮಿನಿಯಂ ಏಣಿಯನ್ನು ಎತ್ತಿ ನಿಲ್ಲಿಸಿದ. ಮೇಲೆ ಎಲೆಗಳ ಮರೆಯಲ್ಲಿದ್ದ ತಂತಿಗೆ ಏಣಿಯ ತುದಿ ತಾಗಿತು. ಅವನ ಹೆಂಡತಿ ಸರೋಜ ಹತ್ತು ಮಾರು ದೂರದಲ್ಲಿ ಉದುರಿದ ಮೆಣಸು ಆಯುತ್ತಿದ್ದಳು.

ನಾನು ಹೋಗುವಷ್ಟರಲ್ಲಿ ಲೈನ್‌ಮ್ಯಾನು ಕರೆಂಟು ತೆಗೆಸಿ ಸುಂದರನನ್ನು ನೆಲದ ಮೇಲೆ ಮಲಗಿಸಿ ಎದೆ ಒತ್ತುತ್ತಿದ್ದ. ಎಷ್ಟೋ ಹೊತ್ತು ಒತ್ತಿದ. ಯಾರು ಬಿಡಿಸಿದರೂ ಬಿಡಲಿಲ್ಲ. ಕೊನೆಗೆ ಸರೋಜಳೇ ಬಂದು ಅವನ ಭುಜದ ಮೇಲೆ ಕೈಯಿಟ್ಟು, “ಸಾಕು ಬಿಡಿ ಅಣ್ಣ” ಎಂದಳು.

ಮಾರನೇ ದಿನ ಅವನು ನಮ್ಮ ಜಗಲಿಗೆ ಬಂದವನು ಕಾಫಿ ಮುಟ್ಟಲಿಲ್ಲ. ನನ್ನ ಹೆಂಡತಿಯನ್ನು ಕರೆದು, “ಅಕ್ಕ, ಕೆಂಪು ಬಟ್ಟೆ ಯಾವ್ದಾದ್ರೂ ಇದ್ರೆ ಕೊಡ್ತೀರಾ? ಬಣ್ಣ ಹೋಗಿರ್ಬಾರ್ದು” ಎಂದು ಕೇಳಿದ. ಆಕೆ ಒಳಗೆ ಹೋಗಿ, ಮದುವೆಯಾದ ಹೊಸತರಲ್ಲಿ ನಾನು ಚಿಕ್ಕಮಗಳೂರಿನಿಂದ ತಂದಿದ್ದ ಕೆಂಪು ಸೀರೆಯನ್ನು ತಂದು ಕೊಟ್ಟಳು. ನಾನು ನೋಡುತ್ತಿದ್ದಂತೆಯೇ ಇಬ್ಬರೂ ಕೂತು ಅದನ್ನು ಪಟ್ಟಿ ಪಟ್ಟಿಯಾಗಿ ಹರಿದರು. ಆ ವಾರವಿಡೀ ಅವನು ತೋಟ ತೋಟ ತಿರುಗಿ ಲೈನಿನ ಕೆಳಗಿದ್ದ ಪ್ರತಿಯೊಂದು ಮರಕ್ಕೂ ಆಳಿನೆತ್ತರಕ್ಕೆ ಒಂದೊಂದು ಪಟ್ಟಿ ಕಟ್ಟಿದ. ಪಟ್ಟಿ ಕಂಡ ಮರಕ್ಕೆ ಏಣಿ ಇಡಬಾರದು ಎಂದು ಊರಿಗೆಲ್ಲ ಗೊತ್ತಾಯಿತು. ನಾನು ತಂದ ಸೀರೆ ಅವನ ಹೆಸರಿನಲ್ಲಿ ತೋಟದ ತುಂಬ ಹಾರಾಡಿತು.

ನನಗೂ ಸುಂದರನ ಸಾವು ಸಂಕಟ ತಂದಿತ್ತು. ಅದು ಸುಳ್ಳಲ್ಲ. ಪಟ್ಟಿ ಕಟ್ಟಿದರೆ ಸಾಲದು, ಈ ತಂತಿ ತಲೆಯ ಮೇಲೆ ಇರಲೇಬಾರದು, ನೆಲದಡಿ ಕೇಬಲ್ ಹಾಕಿಸಬೇಕು ಎಂದು ನಾನು ಹೊರಟೆ. ನನಗೆ ಬರುವುದು ಬರೆಯುವುದು. ಹದಿನೈದು ದಿನ ಕೂತು ಒಂದು ಮನವಿ ಬರೆದೆ. ಮನೆ ಮನೆ ಸುತ್ತಿ ಇನ್ನೂರು ಸಹಿ ಹಾಕಿಸಿದೆ. ಮೊದಲ ಬಾರಿಗೆ ಊರು ನನ್ನ ಹಿಂದೆ ಬಂದಿತ್ತು. ಬೀದಿಯಲ್ಲಿ ಸಿಕ್ಕವರು, “ಎಲ್ಲಿಗೆ ಬಂತು ಸಾರ್ ನಮ್ಮ ಕೇಬಲ್ಲು?” ಎಂದು ಕೇಳುತ್ತಿದ್ದರು. ನಮ್ಮ ಕೇಬಲ್ಲು! ಆ ಎರಡು ತಿಂಗಳು ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಏಕೆಂದರೆ ಅದು ಸುಂದರನ ಸಾವಿನಿಂದ ಬಂದ ಸುಖ.

ಪಂಚಾಯ್ತಿ ಹಾಲಿನಲ್ಲಿ ಸಭೆ ಸೇರಿತು. ಕರೆಂಟ್ ಆಫೀಸಿನ ಇಂಜಿನಿಯರು ಬಂದಿದ್ದರು. ಎರಡೇ ದಾರಿ ಎಂದು ಅವರು ಹೇಳಿದರು. ಒಂದು, ತೋಟದೊಳಗಿನ ಲೈನನ್ನು ಕಿತ್ತು ರಸ್ತೆಯ ಪಕ್ಕದಲ್ಲಿ ಎತ್ತರದ ಕಂಬ ಹಾಕಿ ಎಳೆಯುವುದು. ಇನ್ನೊಂದು, ರಸ್ತೆಯ ಪಕ್ಕದಲ್ಲೇ ಅಗೆದು ನೆಲದಡಿ ಕೇಬಲ್ ಹಾಕುವುದು. ಊರಿನವರು ಒಮ್ಮತದಿಂದ ಯಾವುದನ್ನು ಕೇಳುತ್ತಾರೋ ಅದನ್ನೇ ಮೇಲಕ್ಕೆ ಬರೆಯುತ್ತೇನೆ ಎಂದರು. ಮುಂದಿನ ಸಾಲಿನಲ್ಲಿ ತೋಟದ ಸಾಹುಕಾರರೊಬ್ಬರು, ಅವರ ಪಕ್ಕದ ಬೆಂಚಿನಲ್ಲಿ ಸರೋಜ. ಹಿಂದೆ ಬಾಗಿಲಿಗೆ ಒರಗಿಕೊಂಡು ಲೈನ್‌ಮ್ಯಾನು.

ನಾನು ಎದ್ದು ಮನವಿ ಓದಿದೆ. ಅದರ ಮುಖ್ಯ ವಾಕ್ಯ ನನಗೆ ಈಗಲೂ ಬಾಯಿಪಾಠ. “ನಮ್ಮ ಶಿರದ ಮೇಲೆ ತೂಗಾಡುತ್ತಿರುವ ಈ ಯಮಪಾಶವನ್ನು ಇನ್ನಾದರೂ ಧರೆಯೊಳಗೆ ಹುದುಗಿಸಬೇಕೆಂದು ವಿನಮ್ರವಾಗಿ ಕೋರುತ್ತೇವೆ.”

ಕೆಲವರ ಕಣ್ಣು ತೇವವಾಗಿತ್ತು. ಸಾಹುಕಾರರು ಮಾತ್ರ ಏನೋ ಕಾಗದ ಬಿಡಿಸುತ್ತ ಕುರ್ಚಿಯ ತುದಿಗೆ ಜರುಗಿದರು. ಆಗ ಬಾಗಿಲಿನ ಕಡೆಯಿಂದ ಆ ದನಿ ಬಂತು.

“ಸಾರ್, ಎಲ್ಲಾ ಚೆನ್ನಾಗ್ ಬರ್ದಿದ್ದೀರಿ. ಒಂದೇ ಒಂದು ಡೌಟು. ಧರೆ ಒಳಗೆ ಅಂದ್ರಲ್ಲ, ಯಾವ ಧರೆ, ಸಾರ್? ತಿರುವಿನ್ ಧರೆಯಾ? ಅದು ಹೋದ್ ಮಳೇಲೂ ರಸ್ತೆಗೇ ಬಂದಿತ್ತಲ್ಲ!”

ಇಡೀ ಹಾಲು ಗೊಳ್ಳೆಂದಿತು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಧರೆ ಎಂದರೆ ಭೂಮಿ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಅರ್ಥ ಬರೆಸಿದವನು. ಆದರೆ ನಮ್ಮ ಮಲೆನಾಡಿನ ಬಾಯಿಮಾತಿನಲ್ಲಿ ಧರೆ ಎಂದರೆ ರಸ್ತೆ ಪಕ್ಕದಲ್ಲಿ, ಮನೆ ಹಿಂದೆ, ಗುಡ್ಡ ಕಡಿದಾಗ ಎದ್ದು ನಿಲ್ಲುವ ಮಣ್ಣಿನ ಗೋಡೆ. ಪ್ರತಿ ಮಳೆಗಾಲದಲ್ಲೂ ಜರಿದು ರಸ್ತೆಗೆ ಬಂದು ಕೂರುವುದು ಅದೇ. ಆ ಧರೆಯೊಳಗೆ ಹೈಟೆನ್ಷನ್ ತಂತಿ ಹುದುಗಿಸಿ ಎಂದು ಇನ್ನೂರು ಜನರ ಸಹಿ ಸಮೇತ ಕೋರಿದ ಮೊದಲ ಮೇಷ್ಟ್ರು ನಾನು.

ನಗು ನಿಂತ ಮೇಲೆ ಅವನು ಮುಂದೆ ಬಂದು ಕೆಲಸದ ಮಾತಾಡಿದ. “ನೆಲದಡಿ ಒಳ್ಳೇದೇ. ಪ್ಯಾಟೇಲಿ ಒಳ್ಳೇದು. ನಮ್ ಕಡೆ ಮಣ್ಣು ಒಂದ್ ಕಡೆ ನಿಲ್ಲಲ್ಲ. ಮತ್ತೆ ಎಲ್ಲರೂ ಅಗೀತಾನೇ ಇರ್ತೀವಿ. ಗಿಡಕ್ಕೆ ಗುಂಡಿ, ಬೇಲಿಗೆ ಅಗಳು, ನೀರಿಗೆ ಪೈಪು. ಮೇಲಿರೋ ತಂತಿ ಆದ್ರೆ ತಲೆ ಎತ್ತಿ ನೋಡ್ಬೋದು. ಕೆಳಗಿರೋದನ್ನ ಹಾರೆಗೆ ಯಾರು ತೋರಿಸ್ತಾರೆ? ತೋಟದಿಂದ ಹೊರಗೆ ತನ್ನಿ, ರಸ್ತೆ ಪಕ್ಕ ಎತ್ತರದಲ್ಲಿ ಎಳೀರಿ. ಏಣಿ ಇಡೋ ಜಾಗ್ದಲ್ಲಿ ತಂತಿ ಇರ್ಬಾರ್ದು, ಅಷ್ಟೆ.”

ಸರೋಜ ತಲೆಯಾಡಿಸಿದಳು. ಅಲ್ಲಿಗೆ ಮುಗಿಯಿತು. ನನ್ನ ಇನ್ನೂರು ಸಹಿಗಳಲ್ಲಿ ನೂರತೊಂಬತ್ತು ಕೈಗಳು ಕಂಬದ ಪರವಾಗಿ ಎದ್ದವು. ಆಮೇಲೆ ವರ್ಷಗಟ್ಟಲೆ ಊರಿನ ಪೋಲಿಗಳು ನಾನು ಹೋಗುವಾಗ, “ಯಾವ ಧರೆ, ಸಾರ್?” ಎಂದು ಹಿಂದಿನಿಂದ ಕೇಳಿ ಮಾಯವಾಗುತ್ತಿದ್ದರು. ನಾನು ಅದೆಲ್ಲಕ್ಕೂ ಅವನನ್ನೇ ಶಪಿಸಿದೆ. ನನ್ನದೇ ಭಾಷೆಯಿಂದ, ನನ್ನದೇ ಸಭೆಯಲ್ಲಿ, ನನ್ನ ಮಾನ ಕಳೆದವನು ಎಂದುಕೊಂಡೆ.

ಇಲ್ಲಿಯವರೆಗೆ ಒಂದು ವಿಷಯವನ್ನು ಮುಚ್ಚಿಟ್ಟುಕೊಂಡು ಬಂದಿದ್ದೇನೆ. ರಸ್ತೆ ಪಕ್ಕದಲ್ಲಿ ಕಂಬ ಹಾಕುವುದಾದರೆ ಅದರಲ್ಲೊಂದು ಸರಿಯಾಗಿ ನಮ್ಮ ಅಂಗಡಿಯ ಬಾಗಿಲೆದುರಿಗೆ ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಸುಂದರ ಸತ್ತ ಮೇಲೆ ಲೈನು ಬದಲಿಸಲು ಅಳತೆಗೆ ಬಂದ ಸರ್ವೆಯವರು ಗುರುತಿನ ಗೂಟ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೆ. ನಮ್ಮಪ್ಪನ ಕಾಲದ ಅಂಗಡಿ, ಅದರ ಬೋರ್ಡಿಗೆ ಕಂಬ ಅಡ್ಡ! ಮನವಿ ಬರೆಯಲು ಕೂತದ್ದು ಆ ಗೂಟ ಕಂಡ ಸಂಜೆ. ಸುಂದರನ ಮೇಲಿನ ಪ್ರೀತಿ ಎಷ್ಟು, ಬೋರ್ಡಿನ ಮೇಲಿನದು ಎಷ್ಟು ಎಂದು ನನ್ನನ್ನೇ ಕೇಳಿಕೊಂಡಾಗಲೆಲ್ಲ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಕಂಬ ಬಂತು. ನಾನು ಅಂಗಡಿಯಲ್ಲಿ ಕುರ್ಚಿಯನ್ನು ತಿರುಗಿಸಿ, ಅದಕ್ಕೆ ಬೆನ್ನು ಹಾಕಿ ಕೂರತೊಡಗಿದೆ. ಗಿರಾಕಿಗಳು ಪಕ್ಕದಿಂದ ಬಂದು ನನ್ನ ಮುಖ ಹುಡುಕಬೇಕಾಗಿತ್ತು.

ಆಮೇಲೆ ನನಗೊಂದು ಕೆಟ್ಟ ಚಟ ಅಂಟಿತು. ಮಳೆಗಾಲದಲ್ಲಿ ಕರೆಂಟು ಹೋದರೆ ಖುಷಿಪಡುವುದು. ಗಾಳಿ ಬೀಸಿದರೆ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದೆ. ಫ್ಯಾನು ನಿಂತಿತೆಂದರೆ, “ನೋಡಿದ್ಯಾ? ನೆಲದಡಿ ಹಾಕಿದ್ರೆ ಹೀಗಾಗ್ತಿತ್ತಾ?” ಎಂದು ಒಳಗೆ ಕೂಗಿ ಹೇಳುತ್ತಿದ್ದೆ. ನನ್ನ ಹೆಂಡತಿ ಮೇಣದಬತ್ತಿ ಹುಡುಕುತ್ತಿದ್ದಳು.

ಎರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಮೂರು ದಿನ ಬಿಡದೆ ಸುರಿದ ಮಳೆಯಲ್ಲಿ, ಕರೆಂಟು ಹೋಯಿತು. ತಿರುವಿನ ಕಡೆಯಿಂದ ದೊಡ್ಡ ಸದ್ದೂ ಕೇಳಿತು. ನಾನು ಛತ್ರಿ ಹಿಡಿದು ಮದುವೆಗೆ ಹೊರಟವನಂತೆ ಹೊರಟೆ. ಹೊಸ ಲೈನು ಬಿದ್ದದ್ದನ್ನು ನನ್ನ ಕಣ್ಣಿಂದಲೇ ನೋಡಿ ನಾಳೆ ನಾಲ್ಕು ಜನರಿಗೆ ಹೇಳಬೇಕಾಗಿತ್ತು.

ತಿರುವಿನಲ್ಲಿ ಧರೆ ಜರಿದಿತ್ತು. ಅದರ ಮೇಲಿದ್ದ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು, ಒಂದು ತಂತಿ ತುಂಡಾಗಿ ಕೆಂಪು ನೀರಿನಲ್ಲಿ ರಸ್ತೆಗಡ್ಡ ಬಿದ್ದಿತ್ತು. ಮನೆಯಲ್ಲಿ ದೀಪ ಇಲ್ಲವಾದ್ದರಿಂದ ತಂತಿಯಲ್ಲೂ ಏನಿಲ್ಲ ಎಂದುಕೊಂಡು ಹತ್ತಿರದಿಂದ ನೋಡಲು ಕಾಲು ಮುಂದಿಟ್ಟೆ.

“ಸಾರ್! ನಿಲ್ಲಿ ಅಲ್ಲೇ!”

ಧರೆಯ ಆ ಕಡೆ ಅವನು ನಿಂತಿದ್ದ, ಕಿವಿಯಲ್ಲಿ ಮೊಬೈಲು. ಅಂಥ ದನಿಯನ್ನು ಅವನ ಗಂಟಲಿನಿಂದ ನಾನು ಯಾವತ್ತೂ ಕೇಳಿರಲಿಲ್ಲ. “ಲೈನಲ್ಲಿ ಇನ್ನೂ ಕರೆಂಟ್ ಇದೆ ಸಾರ್! ಸಬ್‌ಸ್ಟೇಷನ್ನಿಗೆ ಫೋನ್ ಸಿಗ್ತಿಲ್ಲ! ಕಾಲು ಎತ್ತಿಡ್ಬೇಡಿ. ಎರಡೂ ಕಾಲು ಜೋಡಿಸಿ. ಜೋಡಿಸಿದ್ರಾ? ಹಂಗೇ ಸಣ್ಣಕೆ ಕುಪ್ಪಳಿಸ್ಕೊಂಡು ಹಿಂದಕ್ಕೆ ಹೋಗಿ. ಕಾಲು ಬೇರೆ ಆಗ್ಬಾರ್ದು!”

ಕೆಳಗಿನ ನೀರಿನಲ್ಲೂ ಕರೆಂಟು ಹರಡಿರುತ್ತದೆ, ಹೆಜ್ಜೆ ಅಗಲಿಸಿದರೆ ಒಂದು ಕಾಲಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ ಎಂದು ಅವನು ಆಮೇಲೆ ವಿವರಿಸಿದ. ಆಗ ನನಗೆ ಏನೂ ತಿಳಿಯುತ್ತಿರಲಿಲ್ಲ. ಛತ್ರಿ ಬಿಸಾಡಿ, ಪಂಚೆ ಒದ್ದೆಯಾಗಿ ಕಾಲಿಗೆ ಅಂಟಿಕೊಂಡು, ಅರವತ್ತಾರು ವರ್ಷದ ನಾನು ಮಳೆಯಲ್ಲಿ ಕಪ್ಪೆಯಂತೆ ಹಿಂದಕ್ಕೆ ಕುಪ್ಪಳಿಸುತ್ತ ಹೋದೆ. ಅದೇ ಹೊತ್ತಿಗೆ ನನ್ನ ಹಿಂದಿನಿಂದ ಕಳಸದ ಬಸ್ಸು ಬಂತು. ನಡುರಸ್ತೆಯಲ್ಲಿ ಕುಪ್ಪಳಿಸುತ್ತಿರುವ ಮುದುಕನನ್ನು ಕಂಡು ಡ್ರೈವರು ಬೆರಗಾಗಿ ಬ್ರೇಕು ಒತ್ತಿದ. ಬಸ್ಸು ನಿಂತಿತು. ನಾನು ಅದರ ಬಂಪರಿಗೆ ತಾಗಿ ಕುಸಿದು ಕೂತೆ.

ಸ್ವಲ್ಪ ಹೊತ್ತಿನಲ್ಲಿ ಫೋನ್ ಸಿಕ್ಕಿ, ಲೈನು ಆಫ್ ಆಗಿ, ಅವನು ಈಚೆಗೆ ದಾಟಿ ಬಂದ. ಬಸ್ಸಿನಿಂದ ಇಳಿದವರು ಏನಾಯಿತು ಎಂದು ಮುತ್ತಿಕೊಂಡಿದ್ದರು. ಈಗ ನನ್ನ ಕುಪ್ಪಳಿಕೆಯ ಕಥೆ ಊರಿಗೆಲ್ಲ ಹಬ್ಬುತ್ತದೆ ಎಂದು ನಾನು ತಲೆ ತಗ್ಗಿಸಿದೆ.

“ಮೇಷ್ಟ್ರು ಇಲ್ದಿದ್ರೆ ಬಸ್ಸು ನೇರ ತಂತಿ ಮೇಲೆ ಹೋಗ್ತಿತ್ತು” ಎಂದ ಅವನು. “ಜೀವದಾಸೆ ಬಿಟ್ಟು ಅಡ್ಡ ನಿಂತು ನಿಲ್ಸಿದ್ರು.”

ಜನ ನನ್ನ ಕೈ ಹಿಡಿದುಕೊಂಡರು. ಒಬ್ಬಾಕೆ ಕಾಲಿಗೆ ಬಿದ್ದಳು. ನಾನು ಅವನ ಮುಖ ನೋಡಿದೆ. ಅಲ್ಲಿ ಹಾಸ್ಯದ ಸುಳಿವೂ ಇರಲಿಲ್ಲ. “ಇಲ್ಲ, ಬಸ್ಸು ಬಂದದ್ದೇ ನನಗೆ ಗೊತ್ತಿರಲಿಲ್ಲ” ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮೂರನೇ ದಿನ ಪತ್ರಿಕೆಯಲ್ಲಿ ‘ಸಮಯಪ್ರಜ್ಞೆ ಮೆರೆದ ನಿವೃತ್ತ ಶಿಕ್ಷಕ’ ಎಂದು ನನ್ನ ಫೋಟೋ ಬಂತು. ಅದನ್ನು ಲ್ಯಾಮಿನೇಶನ್ ಮಾಡಿಸಿ ಗಲ್ಲಾದ ಮೇಲೆ ತೂಗುಹಾಕಿದೆ. ಒಂದು ದಿನ ಅವನು ಬೀಡಿ ಕೊಳ್ಳಲು ಬಂದವನು ಅದನ್ನು ನಿಂತು ಓದಿದ. “ಫೋಟೋ ಚೆನ್ನಾಗ್ ಬಂದಿದೆ ಸಾರ್” ಎಂದು ಹೊರಟುಹೋದ. ಆ ದಿನದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ. ಇನ್ನೊಬ್ಬರಿಗೆ ಇಷ್ಟು ಸಲೀಸಾಗಿ ಹೆಸರು ಬಿಟ್ಟುಕೊಡಲು ಇವನಿಗೆ ಎಲ್ಲಿಂದ ಬಂತು? ನನಗೆ ಏಕೆ ಬರಲಿಲ್ಲ?

ಬಿನ್ನವತ್ತಳೆಗೆ ಮರಳುತ್ತೇನೆ. ‘ಕತ್ತಲೆಯ ವೈರಿಯೇ, ಕರ್ತವ್ಯದ ಖನಿಯೇ’ ಎಂದು ಶುರುಮಾಡಿ ಎರಡು ಪುಟ ತುಂಬಿಸಿದೆ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಹೆಸರುಬೇಳೆ ಆರಿಸುತ್ತಿದ್ದ ಆಕೆ ತಲೆಯೆತ್ತದೆ, “ಬಸ್ಸಿನ್ ವಿಷ್ಯ ಬರಲ್ವಾ ಅದ್ರಲ್ಲಿ?” ಎಂದಳು. ಆ ದಿನ ಛತ್ರಿಯಿಲ್ಲದೆ ನೆನೆದು ಮನೆಗೆ ಬಂದಾಗ ನಾನು ನಿಜ ಹೇಳಿದ್ದದ್ದು ಆಕೆಗೊಬ್ಬಳಿಗೇ. ನಾನು ಹಾಳೆಗಳನ್ನು ಮಡಿಸಿ ಒಳಗೆ ಹೋದೆ.

ಸನ್ಮಾನದ ದಿನ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ತಲೆಗಳು. ಬಣಕಲ್ಲಿನಿಂದಲೂ ಜನ ಬಂದಿದ್ದರು. ನಾನು ನನ್ನ ಹನ್ನೊಂದು ಜನರನ್ನು ನೆನೆದುಕೊಂಡೆ. ಸರೋಜ ಬಂದು ಅವನ ಕೈಗೆ ತೆಂಗಿನಕಾಯಿ ಕೊಟ್ಟಳು. ಅದರ ಜುಟ್ಟಿಗೆ ಒಂದು ಕೆಂಪು ಪಟ್ಟಿ ಸುತ್ತಿತ್ತು, ಮಳೆ ಬಿಸಿಲಿಗೆ ಬಣ್ಣಗೆಟ್ಟದ್ದು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ.

ನನ್ನ ಸರದಿ ಬಂತು. ‘ಕತ್ತಲೆಯ ವೈರಿಯೇ’ ಎಂದು ಓದಿದೆ. ಮುಂದಿನ ಸಾಲು ಕಣ್ಣಿಗೆ ಕಾಣಲಿಲ್ಲ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ನಾನು ಆಡುಮಾತಿನಲ್ಲಿ ಹೇಳಿದೆ:

“ಅವತ್ತು ಬಸ್ ನಿಲ್ಸಿದ್ದು ನಾನಲ್ಲ. ಲೈನ್ ಬಿದ್ದಿದ್ದು ನೋಡಿ ಸಂತೋಷ ಪಡ್ಲಿಕ್ಕೆ ಹೋಗಿದ್ದೆ. ತಂತಿ ತುಳೀಲಿಕ್ಕೆ ನಾಲ್ಕು ಹೆಜ್ಜೆ ಇತ್ತು. ಇವ್ರು ಕೂಗಿ ನಿಲ್ಸಿದ್ರು. ನಾನು ಕಪ್ಪೆ ಹಂಗೆ ಕುಪ್ಪಳಿಸ್ತಿದ್ದೆ, ಅದು ನೋಡಿ ಬಸ್ಸು ನಿಲ್ತು. ಪೇಪರಲ್ಲಿ ನನ್ ಫೋಟೋ ಬಂತು. ಎರಡು ವರ್ಷ ಅದನ್ನ ಗೋಡೇಲಿ ಇಟ್ಕೊಂಡಿದ್ದೆ.”

ಇಷ್ಟು ನಿಜ ಹೇಳಿದ್ದಕ್ಕೆ ನನ್ನನ್ನು ಯಾರಾದರೂ ಮೆಚ್ಚಿಯಾರು ಎಂದು ಆಗಲೂ ಒಂದು ಮೂಲೆಯಲ್ಲಿ ಆಸೆಯಿತ್ತು. ಸುಳ್ಳು ಹೇಳುವುದಿಲ್ಲ. ಚಪ್ಪಾಳೆ ಬಿತ್ತು. ಕಿಟಕಿಯಲ್ಲಿದ್ದವರೂ ತಟ್ಟಿದರು. ಎಲ್ಲರೂ ನೋಡುತ್ತಿದ್ದದ್ದು ಅವನನ್ನು.

ಅವನು ಮಾತಿಗೆ ಎದ್ದು ಹಾರ ತೆಗೆದು ಮೇಜಿನ ಮೇಲಿಟ್ಟ. “ನಂಗೆ ಮಾತಾಡ್ಲಿಕ್ಕೆ ಬರಲ್ಲ. ಮೆಣಸು ಕೊಯ್ಲು ಬರ್ತದೆ. ಏಣಿ ಇಡೋಕ್ ಮೊದ್ಲು ಮೇಲೆ ನೋಡಿ” ಎಂದು ಕೂತುಬಿಟ್ಟ.

ಎಲ್ಲ ಮುಗಿದ ಮೇಲೆ ಹಾಲಿನ ಮೆಟ್ಟಿಲ ಮೇಲೆ ಅವನು ನನ್ನ ಪಕ್ಕಕ್ಕೆ ಬಂದ. ಹಣ್ಣಿನ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ನೀವು ಹೇಳ್ಬಾರ್ದಿತ್ತು ಸಾರ್” ಎಂದ. “ಇರ್ಲಿ. ನಂದೂ ಒಂದು ಬಾಕಿ ಇದೆ, ಹೇಳ್ಬಿಡ್ತೀನಿ. ಧರೆ ಅಂದ್ರೆ ಭೂಮಿ ಅಂತ ನಂಗೆ ಅವತ್ತೂ ಗೊತ್ತಿತ್ತು.”

ನಾನು ತಿರುಗಿ ನೋಡಿದೆ.

“ನಾನೂ ಏಳನೇ ಕ್ಲಾಸ್ ಓದಿದೀನಿ ಸಾರ್. ಅವತ್ತು ಸಾಹುಕಾರ್ರು ಕೈಯಲ್ಲಿ ಸರ್ವೆ ನಕ್ಷೆ ಹಿಡ್ಕೊಂಡ್ ಬಂದಿದ್ರು. ನಿಮ್ಮ ಅಂಗಡಿ ಮುಂದಿನ್ ಕಂಬಕ್ಕೆ ಗುರುತು ಹಾಕಿದ್ರು. ಮೇಷ್ಟ್ರು ಸುಂದರನ್ ಹೆಸ್ರು ಹೇಳಿ ಸ್ವಂತ ಬಾಗ್ಲು ಉಳಿಸ್ಕೊಳ್ತಿದ್ದಾರೆ ಅಂತ ಎಲ್ರ ಮುಂದೆ ಹೇಳೋರಿದ್ರು. ಬಾಗ್ಲಲ್ಲಿ ನಂಗೆ ಹೇಳಿಯೇ ಒಳಗ್ ಬಂದ್ರು. ಸರೋಜ ಪಕ್ಕದಲ್ಲೇ ಕೂತಿದ್ಲಲ್ಲ ಸಾರ್. ಅವ್ಳು ಕೇಳಿಸ್ಕೊಂಡಿದ್ರೆ ಹೆಂಗೆ? ಅವ್ರು ಏಳೋಕ್ ಮೊದ್ಲು ಏನಾದ್ರೂ ಹೇಳಿ ನಗಿಸ್ಬೇಕಿತ್ತು. ಬಾಯಿಗ್ ಅದೇ ಬಂತು.”

ಐದು ವರ್ಷ ನಾನು ಜೋಪಾನ ಮಾಡಿದ್ದ ಅವಮಾನ ಅದು. ಅದರ ಬಲದ ಮೇಲೆಯೇ ಅವನನ್ನು ದ್ವೇಷಿಸಿದ್ದೆ.

“ಕಂಬ ತೊಂದ್ರೆ ಆಗ್ತಿಲ್ಲ ಅಲ್ವಾ ಸಾರ್?” ಎಂದು ಕೇಳಿದ.

“ಇಲ್ಲ” ಎಂದೆ.

ಮಾರನೇ ದಿನ ಬೆಳಗಿನ ಬಸ್ಸಿಗೆ ಅವನು ತನ್ನ ಹೆಂಡತಿಯ ಜೊತೆ ವಸ್ತಾರೆಗೆ ಹೊರಟುಹೋದ. ನಾನು ಗಲ್ಲಾದ ಮೇಲಿನ ಫೋಟೋ ಇಳಿಸಿದೆ. ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಕೂತೆ. ಬಾಗಿಲಲ್ಲಿ ಕಂಬ ನಿಂತಿತ್ತು. ಬೋರ್ಡಿಗೆ ಅದು ಅಷ್ಟೇನೂ ಅಡ್ಡವಾಗಿರಲಿಲ್ಲ. ನಮ್ಮಪ್ಪನ ಹೆಸರಿನ ಒಂದಕ್ಷರ ಮಾತ್ರ ಮರೆಯಾಗಿತ್ತು.

ಸಂಜೆ ನಾಲ್ಕಕ್ಕೆ ನನ್ನ ಹೆಂಡತಿ ಕಾಫಿ ತಂದಿಟ್ಟಳು. ಘಮ ಬಂದಾಗಲೇ ತಿಳಿಯಿತು, ಮೊದಲ ಡಿಕಾಕ್ಷನ್. ಎಷ್ಟೋ ವರ್ಷ ನಾನು ಆಸೆಪಟ್ಟದ್ದು. ಲೋಟ ಎತ್ತಿಕೊಂಡವನು ಅದರ ಮಡಿಸಿದ ಅಂಚನ್ನು ಕಂಡು ಕೆಳಗಿಟ್ಟೆ.

“ಇದು ಅವರ ಲೋಟ ಅಲ್ವೇನೇ?” ಎಂದೆ.

ಒಳಗೆ ಹೊರಟಿದ್ದ ಆಕೆ ನಿಂತಳು. “ಯಾರ್ದು ಅಂದ್ರಿ?”

“ಅವರದು.”

ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಆರಿಹೋಗ್ತದೆ, ಕುಡೀರಿ” ಎಂದಳು.